ಕತ್ತು ಡಾಕ್ಟರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು

ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಡಾಕ್ಟರ ಮನೆಯ ಅಮ್ಮನವರಿಗೆ, ಅವರ ಕೈ ಹಿಡಿದು ಕುಳಿತಿರುವ ಮಗಳಿಗೆ ಮೊದಲ ನಮಸ್ಕಾರ. ಆಮೇಲೆ ಉಳಿದವರಿಗೆ. ದೊಡ್ಡ ಡಾಕ್ಟರುಗಳಿಗೆ, ಸಿಸ್ಟರುಗಳಿಗೆ, ನೆಲ ಒರೆಸುವ ನನ್ನ ಗೆಳತಿಯರಿಗೆ. ಮತ್ತೆ ಕತ್ತಿನ ಮೇಲೆ ಒಂದೊಂದು ಗೆರೆ ಇಟ್ಟುಕೊಂಡು, ಇವತ್ತು ಕೆಲಸ ಬಿಟ್ಟು ಬಂದಿರುವ ನಮ್ಮ ಹಳೆಯ ಮಕ್ಕಳಿಗೆ — ನಮಸ್ಕಾರ.

ಈ ಮೈಕನ್ನು ಆಚೆ ತಳ್ಳಪ್ಪಾ. ನನಗೆ ಬೇಡ. ನಾನು ಮೂರನೇ ಮಹಡಿಯಲ್ಲಿ ಕೂಗಿದರೆ ಕೆಳಗೆ ಔಷಧಿ ಕೊಡುವವನು ಕೈಯಲ್ಲಿದ್ದ ಬಾಟಲಿ ಬೀಳಿಸುತ್ತಿದ್ದ. ಹಿಂದಿನ ಸಾಲಿಗೆ ಕೇಳಿಸುತ್ತಿದೆಯಾ? — ಕೇಳಿಸುತ್ತಿದೆ. ಸರಿ. ಮೊಬೈಲುಗಳನ್ನು ಒಳಗಿಡಿ.

ನನ್ನ ಗುರುತು ಕೆಲವರಿಗೆ ಇರಲಾರದು. ಮಕ್ಕಳ ಆಪರೇಷನ್ ವಾರ್ಡಿನಲ್ಲಿ ಆಯಾ ಆಗಿದ್ದವಳು ನಾನು. ಮಕ್ಕಳು ಇಟ್ಟ ಹೆಸರು ಸಿಡುಕಜ್ಜಿ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಈ ಶ್ರದ್ಧಾಂಜಲಿ ಸಭೆಯಲ್ಲಿ ನನಗಿಂತ ಮೊದಲು ಮಾತಾಡಿದವರೆಲ್ಲ ಓದಿದವರು. ಚೆನ್ನಾಗಿ ಮಾತಾಡಿದಿರಿ, ಇಲ್ಲ ಅನ್ನುವುದಿಲ್ಲ. ಮಕ್ಕಳ ಕತ್ತಿನಲ್ಲಿ ಬರುವ ಅಪರೂಪದ ಗಡ್ಡೆಗಳ ಬಗ್ಗೆ ನಮ್ಮ ಡಾಕ್ಟರು ಎಲ್ಲೆಲ್ಲಿಗೆ ಹೋಗಿ ಏನೇನು ಹೇಳಿ ಬಂದರು ಎಂದು ಹೇಳಿದಿರಿ. ಅವರು ಶಾಂತಮೂರ್ತಿ, ದನಿ ಎತ್ತಿದವರಲ್ಲ, ಜೀವಮಾನದಲ್ಲಿ ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ ಎಂದಿರಿ.

ಅದು ಸುಳ್ಳು.

ಅವರು ಕಿರುಚಿದ್ದನ್ನು ನಾನು ಕೇಳಿದ್ದೇನೆ. ಒಂದೇ ಒಂದು ಸಲ. ಕಿರುಚಿದ್ದು ನನ್ನ ಮೇಲೆ. ಆ ದಿನದ ಮಾತು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ. ನನ್ನಷ್ಟಕ್ಕೆ ನಾನು ಬಂದಿಲ್ಲ, ನನ್ನನ್ನು ಒಬ್ಬಳು ಕಳಿಸಿದ್ದಾಳೆ. ನಾಲ್ಕನೇ ಸಾಲಿನಲ್ಲಿ ನೀಲಿ ಅಂಗಿ ಹಾಕಿಕೊಂಡು ಕುಳಿತಿದ್ದಾಳಲ್ಲ, ಅವಳು. ತಲೆ ಬಗ್ಗಿಸಬೇಡ ಕಣೇ, ಎಲ್ಲರೂ ನೋಡಲಿ. ನಮ್ಮ ವಾರ್ಡಿನಲ್ಲಿ ಅವಳ ಹೆಸರು ಹಾರ್ನ್.

"ನೀನೇ ಹೋಗಿ ಮಾತಾಡೇ" ಅಂದೆ. "ಅಜ್ಜೀ, ನನ್ನ ದನಿ ಎರಡನೇ ಸಾಲಿಗೂ ಮುಟ್ಟಲ್ಲ. ನಿಂಗೆ ದೇವ್ರು ಎರಡು ಜನಕ್ಕಾಗೋವಷ್ಟು ಕೊಟ್ಟಿದಾನೆ, ನನ್ನ ಪಾಲಿಂದೂ ನೀನೇ ಮಾತಾಡು" ಅಂದಳು. ಹಾಗಾಗಿ ಇವತ್ತು ನನ್ನ ಬಾಯಲ್ಲಿ ಇಬ್ಬರ ಮಾತು.

ಮೊದಲು ನಮ್ಮ ಡಾಕ್ಟರು ಕೆಲಸ ಮಾಡುತ್ತಿದ್ದ ರೀತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಊರಿಗೆಲ್ಲ ಅವರು ಕತ್ತು ಡಾಕ್ಟರು. ಮನುಷ್ಯರ ಮುಖ ನೋಡುತ್ತಿರಲಿಲ್ಲ, ಕತ್ತು ನೋಡುತ್ತಿದ್ದರು. ಒಮ್ಮೆ ರಸ್ತೆಯಲ್ಲಿ ಮೀಸೆ ಬಂದ ಹುಡುಗನೊಬ್ಬ ಓಡಿಬಂದು ಕಾಲಿಗೆ ಬಿದ್ದ. "ಯಾರಪ್ಪಾ ನೀನು?" ಅಂದರು. ಅವನು ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ. ಊಹೂಂ. ಕೊನೆಗೆ ಅಂಗಿಯ ಕಾಲರು ಬಿಚ್ಚಿ ತೋರಿಸಿದ. "ಓ! ನೀನಾ!" ಅಂತ ಅಲ್ಲೇ ತಬ್ಬಿಕೊಂಡರು. ಅಮ್ಮನವರು ಅವತ್ತು ಪಕ್ಕದಲ್ಲೇ ಇದ್ದರು. "ನನ್ನನ್ನೂ ಕತ್ತು ನೋಡಿಯೇ ಮದುವೆ ಆಗಿರಬೇಕು ಇವ್ರು" ಅಂದರು. — ನಗಿ ಅಮ್ಮಾ. ಪರವಾಗಿಲ್ಲ. ನಗಬಹುದು.

ಬೆಳಿಗ್ಗೆ ಅವರು ವಾರ್ಡಿಗೆ ಬಂದ ತಕ್ಷಣ ನಾನು ಒಂದು ಸ್ಟೀಲ್ ಲೋಟದಲ್ಲಿ ಬಿಸಿನೀರು ಕೊಡಬೇಕು. ಹೊಸದಾಗಿ ಬಂದ ಸಿಸ್ಟರುಗಳು ಡಾಕ್ಟರಿಗೆ ಶೀತ ಇರಬೇಕು ಎಂದುಕೊಳ್ಳುತ್ತಿದ್ದರು. ಆ ನೀರನ್ನು ಅವರು ಒಂದು ದಿನವೂ ಕುಡಿದವರಲ್ಲ. ಎರಡು ಕೈಯಲ್ಲೂ ಹೀಗೆ — ಹೀಗೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಬೆರಳು ಬೆಚ್ಚಗಾಗಲಿ ಅಂತ. ತಣ್ಣನೆಯ ಕೈ ಮುಟ್ಟಿದರೆ ಮಗು ಕತ್ತು ಬಿಗಿ ಮಾಡುತ್ತದೆ, ಕತ್ತು ಬಿಗಿಯಾದರೆ ಗಡ್ಡೆ ಅಡಗಿ ಕೂರುತ್ತದೆ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ತಾವು ಹಿಂದೆ ಹೋಗಿ, ಹಿಂದಿನಿಂದ ಎರಡೂ ಕೈ ತಂದು ಕತ್ತು ಮುಟ್ಟುತ್ತಿದ್ದರು. ಕಣ್ಣು ಮುಚ್ಚಿಕೊಂಡು. ಕತ್ತಲೆ ಕೋಣೆಯಲ್ಲಿ ಬಾಗಿಲ ಚಿಲಕ ಹುಡುಕುವವರ ಹಾಗೆ.

ಆಮೇಲೆ ದನಿ. ನಮ್ಮ ದನಿಯ ನರ ಕತ್ತಿನ ಒಳಗೇ ಇಳಿದು ಬರುತ್ತದಂತೆ, ರಕ್ತದ ದೊಡ್ಡ ಕೊಳವೆಗೆ ಅಂಟಿಕೊಂಡು. ಕತ್ತಿಗೆ ಕತ್ತಿ ಹಾಕುವವನು ಮೊದಲು ಆ ಮಗುವಿನ ದನಿ ಪೂರ್ತಿ ಕೇಳಿರಬೇಕು. ಆಪರೇಷನ್ ಆದ ಮೇಲೆ ಹಾಗೇ ಇದೆಯೋ ಇಲ್ಲವೋ ಎಂದು ಹೋಲಿಸಿ ನೋಡಬೇಕಲ್ಲ. ಆದರೆ ಆಸ್ಪತ್ರೆಗೆ ಬಂದ ಮಗು ಎಲ್ಲಿ ಬಾಯಿ ಬಿಡುತ್ತದೆ? ಹೆಸರೇನು ಮರಿ ಅಂದರೆ ಇಲಿಮರಿಯ ಹಾಗೆ ಪಿಸಪಿಸ. ಹಾಡು ಹೇಳು ಅಂದರೆ ಅಮ್ಮನ ಸೆರಗಿನೊಳಗೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಯಾವುದೋ ಮಗು ನೆಲದ ಮೇಲೆಲ್ಲ ನೀರು ಚೆಲ್ಲಿತ್ತು, ನಾನು ಅದರ ಗ್ರಹಚಾರ ಬಿಡಿಸುತ್ತಿದ್ದೆ. ಅದೂ ಬಿಡಲಿಲ್ಲ, ನನಗೆ ಸಮಸಮ ಕೂಗಿತು. ಹಿಂದೆ ಡಾಕ್ಟರು ನಿಂತಿದ್ದಾರೆ. ಕೆಲಸ ಹೋಯಿತು ಅಂದುಕೊಂಡೆ. ಅವರು ಮೆಲ್ಲಗೆ, "ಅಕ್ಕಾ, ಇನ್ನೊಂದು ಸಲ ಅದಕ್ಕೆ ಕೋಪ ಬರಿಸ್ತೀರಾ?" ಅಂದರು.

ಅವತ್ತಿನಿಂದ ಅದು ನನ್ನ ಕೆಲಸ. ಮನೆಯಲ್ಲಿ, ಬೀದಿಯಲ್ಲಿ, ಎಲ್ಲರೂ ಛೀ ಥೂ ಅಂದ ನನ್ನ ಕೋಪಕ್ಕೆ ಲೋಕದಲ್ಲಿ ಒಂದು ಉಪಯೋಗ ಕಂಡುಹಿಡಿದವರು ಅವರೊಬ್ಬರೇ. ನಾನು ಮಗುವನ್ನು ರೇಗಿಸುವುದು, ಮಗು ರೇಗಿ ಕೂಗುವುದು, ಅವರು ಲೋಟ ಹಿಡಿದುಕೊಂಡು ಕೇಳುವುದು.

ಹಾರ್ನ್ ಬಂದಾಗ ಅವಳಿಗೆ ಐದು ವರ್ಷ. ಅಪ್ಪ ಬಸ್ ಡ್ರೈವರು. ಕತ್ತಿನ ಎಡಗಡೆ ನಿಂಬೆಹಣ್ಣಿನಷ್ಟು ಗಂಟು. ಅವರ ಊರಿನ ಡಾಕ್ಟರು ಟಿಬಿ ಗಂಟು ಅಂತ ಮಾತ್ರೆ ಕೊಟ್ಟಿದ್ದರು. ಬೈಯುವುದು ಬೇಡ ಅವರನ್ನು. ಮಕ್ಕಳ ಕತ್ತಿನಲ್ಲಿ ಗಂಟು ಅಂದರೆ ನೂರಕ್ಕೆ ತೊಂಬತ್ತೊಂಬತ್ತು ಅಂಥದ್ದೇ ಏನಾದರೂ ಆಗಿರುತ್ತದೆ, ಇಲ್ಲದಿದ್ದರೆ ನೆಗಡಿಯ ಗಂಟು. ಮಾತ್ರೆ ನುಂಗಿ ನುಂಗಿ ಮಗು ಸೊರಗಿತ್ತು, ಗಂಟು ಮಾತ್ರ ಬೆಳೆದಿತ್ತು. ಎಡಗಣ್ಣಿನ ರೆಪ್ಪೆ ಬೇರೆ ಅರ್ಧ ಇಳಿದಿತ್ತು. ಅಮ್ಮ ನಿದ್ದೆ ಸಾಲದು ಅಂದುಕೊಂಡಿದ್ದಳು. ಶಾಲೆಯಲ್ಲಿ ಟೀಚರು, "ನಂಗೇ ಕಣ್ಣು ಹೊಡೀತೀಯಾ?" ಅಂತ ಬಾಗಿಲ ಹೊರಗೆ ನಿಲ್ಲಿಸಿದ್ದರಂತೆ.

ನಮ್ಮ ಡಾಕ್ಟರು ಲೋಟ ಹಿಡಿದು ನಿಂತರು. ನಾನು ಸೊಂಟಕ್ಕೆ ಕೈ ಕೊಟ್ಟೆ.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಾ?"

ಅಮ್ಮನ ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು.

"ಬೀಗದ ಕೈ ನಿಮ್ಮಪ್ಪನ ಹತ್ರ ಇದೆಯೋ? ಏನ್ ಓಡಿಸ್ತಾನೆ ನಿಮ್ಮಪ್ಪ, ಬಸ್ಸಾ? ಅದೊಂದು ಬಸ್ಸೇನೇ? ನಾನು ನೋಡಿಲ್ವಾ? ಗುಜರಿ ಡಬ್ಬಾ! ತಳ್ಳಿದ್ರೆ ಹೋಗತ್ತೆ, ಬಿಟ್ರೆ ನಿಲ್ಲತ್ತೆ!"

ಅಯ್ಯೋ! ಎದ್ದು ನಿಂತಳು ನೋಡಿ ತಾಯಿಯ ತೊಡೆಯ ಮೇಲೆ.

"ನೀನು ಡಬ್ಬಾ! ನಿಮ್ಮ ಮನೆ ಡಬ್ಬಾ! ನಿಮ್ಮ ಆಸ್ಪತ್ರೆ ಡಬ್ಬಾ! ಡಬ್ಬಾ! ಡಬ್ಬಾಆಆ!"

ಕಿಟಕಿಯ ಗಾಜು ಗುಂಯ್ ಅಂದಿತು. ಬಾಗಿಲಲ್ಲಿ ನಿಂತಿದ್ದ ಅಪ್ಪ, "ನಮ್ಮ ಬಸ್ಸಿಗೆ ಹಾರ್ನೇ ಬೇಡ ಅಜ್ಜೀ, ಇವಳನ್ನ ಮುಂದೆ ಕೂರಿಸ್ಕೊಂಡ್ರೆ ಸಾಕು" ಅಂದ. ಹೆಸರು ಹುಟ್ಟಿದ್ದು ಹಾಗೆ. ಎಲ್ಲರೂ ನಕ್ಕೆವು.

ಡಾಕ್ಟರು ನಗಲಿಲ್ಲ. ಲೋಟ ಕೆಳಗಿಟ್ಟು ಮಗುವಿನ ಮುಂದೆ ಮಂಡಿಯೂರಿದರು.

"ಅಕ್ಕಾ, ಇವಳ ಮುಖ ನೋಡಿ. ಕೋಪ ಅರ್ಧ ಮುಖಕ್ಕೆ ಮಾತ್ರ ಬಂದಿದೆ" ಅಂದರು.

ನೋಡಿದೆ. ನಿಜ. ಬಲಗಡೆ ಕೆನ್ನೆ ಕೆಂಪು, ಹಣೆಯಲ್ಲಿ ಬೆವರು. ಎಡಗಡೆ ಬೆಳ್ಳಗೆ, ಒಣಗಿಕೊಂಡು, ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಮೂಗಿನ ಮೇಲೆ ಗೆರೆ ಎಳೆದು ಅರ್ಧ ಭಾಗ ಮಾಡಿದ ಹಾಗೆ. ಕಿಟಕಿಯ ಪರದೆ ಎಳೆಸಿ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಎಡಗಣ್ಣಿನ ಪಾಪೆ ಚಿಕ್ಕದು. ತಾಯಿಗೆ ಹೇಳಿದರು: "ಮುಖ ಕೆಂಪಾಗೋದಕ್ಕೆ, ಬೆವರೋದಕ್ಕೆ, ರೆಪ್ಪೆ ಎತ್ತೋದಕ್ಕೆ ಒಂದು ನರ ಇದೆಯಮ್ಮಾ, ಅದು ಕತ್ತಿನ ಮೇಲೇ ಹತ್ತಿ ಹೋಗತ್ತೆ. ಈ ಗಂಟು ಟಿಬಿ ಅಲ್ಲ. ಆ ನರದಲ್ಲೇ ಹುಟ್ಟಿರೋ ಗಡ್ಡೆ ಇರಬೇಕು. ಎಲ್ಲೋ ಅಪರೂಪಕ್ಕೆ ಒಂದು ಮಗುವಿಗೆ ಬರತ್ತೆ."

"ಅಂದ್ರೆ ಕ್ಯಾನ್ಸರ್ರಾ ಸಾರ್?" ಅಂದ ಅಪ್ಪ.

"ಆ ಜಾತಿದೇ. ಆದ್ರೆ ಇನ್ನೂ ಕತ್ತು ಬಿಟ್ಟು ಎಲ್ಲೂ ಹೋಗಿರಲ್ಲ ಅನ್ಸತ್ತೆ. ಆತುರ ಬೇಡ. ಮೊದಲು ಸೂಜಿಯಲ್ಲಿ ಒಂಚೂರು ತೆಗೆದು ಅದು ಏನು ಅಂತ ನೋಡೋಣ. ಆಮೇಲೆ ಮಿಕ್ಕಿದ್ದು."

ಸೂಜಿ ಪರೀಕ್ಷೆ ಆಯಿತು, ಸ್ಕ್ಯಾನ್ ಆಯಿತು. ಅವರು ಹೇಳಿದ್ದೇ ಆಗಿತ್ತು. ಮೊದಲು ಗಡ್ಡೆ ಕುಗ್ಗಿಸಲು ಡ್ರಿಪ್ಪಿನಲ್ಲಿ ಔಷಧಿ. ಕೂದಲು ಹೋಯಿತು, ಹಸಿವು ಹೋಯಿತು, ಬಾಯಿಯೆಲ್ಲ ಹುಣ್ಣು. ದನಿ ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಸಾಕು, "ಡಬ್ಬಾ ಅಜ್ಜಿ ಬಂತೂ!"

ಆಪರೇಷನ್ನಿನ ದಿನ ಒಳಗೆ ಏನಾಯಿತು ಎಂಬುದು ಆಮೇಲೆ ಅವರೇ ಅಪ್ಪನಿಗೆ ಹೇಳಿದ್ದು. ನಾನು ಅಲ್ಲೇ ಇದ್ದೆ. ಗಡ್ಡೆ ಬಂತು. ಆದರೆ ಕೊನೆಯ ಒಂದು ಚೂರು, ಸಾಸಿವೆಕಾಳಿನಷ್ಟು, ದನಿಯ ನರಕ್ಕೆ ಅಂಟಿಕೊಂಡಿತ್ತು. ಅದನ್ನು ತೆಗೆಯಬೇಕೆಂದರೆ ನರ ಕತ್ತರಿಸಬೇಕು. ನರ ಉಳಿಸಬೇಕೆಂದರೆ ಕಾಳು ಬಿಡಬೇಕು. ಅವರು ಬಿಟ್ಟರು.

"ಇಂಥಾ ಚೂರುಗಳು ಎಷ್ಟೋ ಸಲ ಹಾಗೇ ಮಲಗಿರ್ತವೆ. ಎದ್ರೂ ನಾವು ನೋಡ್ತಾನೇ ಇರ್ತೀವಿ. ಆ ದನಿ ಕತ್ತರಿಸೋಕೆ ನಂಗೆ ಕೈ ಬರಲಿಲ್ಲಪ್ಪಾ" ಅಂದರು.

"ನೀವು ಮಾಡಿದ್ದು ಸರಿಯಾಗೇ ಇರತ್ತೆ ಸಾರ್" ಅಂದ ಅಪ್ಪ. ಆ ಮಾತು ನೆನಪಿಟ್ಟುಕೊಳ್ಳಿ.

ಈಗ ಇನ್ನೊಂದು ಪದ್ಧತಿ ಹೇಳಬೇಕು. ಇದು ಬಹಳ ಮುಖ್ಯ. ಆಪರೇಷನ್ ಆದ ಮಗುವಿಗೆ ಎಚ್ಚರ ಬರುವಾಗ, ಗಂಟಲಿನ ಕೊಳವೆ ತೆಗೆದ ಮೇಲೆ, ನಮ್ಮ ಡಾಕ್ಟರು ಹಾಸಿಗೆಯ ಕಾಲ ಹತ್ತಿರ ನಿಲ್ಲುತ್ತಿದ್ದರು. ಹೇಗೆ? — ಮಗುವಿಗೆ ಬೆನ್ನು ಹಾಕಿ. ಹೀಗೆ. ಗೋಡೆ ನೋಡಿಕೊಂಡು. ನಾನು ಕೇಳಿದ್ದೆ: "ಇದೇನು ಸಾರ್, ಮುನಿಸ್ಕೊಂಡ ಅಳಿಯನ ಹಾಗೆ ನಿಲ್ತೀರಲ್ಲ?" ಅವರು ಹೇಳಿದ್ದು: "ಮಗು ನನ್ನನ್ನ ನೋಡಿದ್ರೆ ಹೆದರಿ ಬಾಯಿ ಮುಚ್ಚತ್ತೆ. ತಾಯಿ ನನ್ನ ಮುಖ ನೋಡಿದ್ರೆ ಮಗು ನೋಡೋದು ಬಿಟ್ಟು ನನ್ನ ಮುಖದಲ್ಲೇ ಲೆಕ್ಕ ಹಾಕ್ತಾಳೆ. ನಂಗೆ ಕಿವಿ ಸಾಕು ಅಕ್ಕಾ."

ಹಾಗೆ ನಿಂತು ಕಾಯುವರು. ಕೊಳವೆ ತೆಗೆದದ್ದಕ್ಕೂ ಮೊದಲ ದನಿಗೂ ನಡುವೆ ಒಂದು ಹೊತ್ತು ಇದೆಯಲ್ಲ — ಆಗ ವಾರ್ಡಿನಲ್ಲಿ ಯಾರೂ ಉಸಿರು ಬಿಡುವಂತಿಲ್ಲ. ನನ್ನ ಬಾಯಿಯೂ ಮುಚ್ಚಿರುತ್ತಿದ್ದುದು ಆಗ ಮಾತ್ರ. ಅವರ ಬೆನ್ನು ನೋಡುತ್ತಿದ್ದೆ. ಮಗು ಕೆಮ್ಮುತ್ತದೆ, ಅಮ್ಮಾ ಅನ್ನುತ್ತದೆ, ನೀರು ಅನ್ನುತ್ತದೆ. ಅವರ ಭುಜ ಒಂದು ಚೂರು ಇಳಿಯುತ್ತದೆ. ಅಷ್ಟೇ. ತಿರುಗಿಯೂ ನೋಡದೆ ಹೊರಟು ಹೋಗುತ್ತಿದ್ದರು.

ಹಾರ್ನ್ ಅವತ್ತು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. "ಡಬ್ಬಾ" ಅಂದಳು. ಒರಟು ದನಿ, ಆದರೆ ದನಿ! ಡಾಕ್ಟರ ಭುಜ ಇಳಿಯಿತು. ಅವತ್ತು ಬಾಗಿಲ ಹತ್ತಿರ ಹೋಗಿ ಕನ್ನಡಕ ಒರೆಸಿಕೊಂಡದ್ದೂ ನನಗೆ ಕಂಡಿತು.

ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಕಾಳು ಎದ್ದಿತು.

ತಪಾಸಣೆಗೆ ಬಂದಿದ್ದಳು. ಡಾಕ್ಟರು ಹಿಂದೆ ನಿಂತು ಬೆಚ್ಚನೆಯ ಬೆರಳು ಕತ್ತಿನ ಮೇಲೆ ಇಟ್ಟರು. ಬೆರಳು ನಿಂತಿತು. ಮತ್ತೆ ಅದೇ ಜಾಗಕ್ಕೆ ಬಂತು. ಅವರ ಮುಖ ಮಗುವಿಗೆ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ನಾನು ಸುಮ್ಮನೆ ಹೋಗಿ ಇನ್ನೊಂದು ಲೋಟ ಬಿಸಿನೀರು ತಂದೆ. ಏನು ಮಾಡಬೇಕೆಂದು ಗೊತ್ತಾಗದಿದ್ದಾಗ ಮನುಷ್ಯ ಬಿಸಿನೀರು ತರುತ್ತಾನೆ.

ಮತ್ತೆ ಔಷಧಿ, ಮತ್ತೆ ಬೋಳು ತಲೆ. ಈ ಸಲ ಕೆಲಸ ಬೇರೆ. ಗಡ್ಡೆ ನರವನ್ನೇ ಸುತ್ತಿಕೊಂಡಿತ್ತು. ನರ ಉಳಿಸಿದರೆ ಮಗು ಉಳಿಯುವುದಿಲ್ಲ. ಅಪ್ಪನನ್ನು ಕೂರಿಸಿ ಹೇಳಿದರು. ಎರಡು ವರ್ಷದ ಹಿಂದೆ "ಸರಿಯಾಗೇ ಇರತ್ತೆ" ಅಂದಿದ್ದನಲ್ಲ, ಅದೇ ಅಪ್ಪ ಎದ್ದು ನಿಂತ.

"ಅವತ್ತೇ ಪೂರ್ತಿ ತೆಗೆದು ಬಿಸಾಕಿದ್ರೆ ನನ್ನ ಮಗಳು ಇವತ್ತು ಎರಡನೇ ಸಲ ಆ ಮೇಜಿನ ಮೇಲೆ ಮಲಗ್ತಿರಲಿಲ್ಲ. ನಿಮ್ಮನ್ನ ಯಾರು ಕೇಳಿದ್ರು ಸಾರ್ ದಯೆ ತೋರಿಸಿ ಅಂತ?"

ನಾನು ಬಾಯಿ ಹಾಕಲು ಹೋದೆ. ಡಾಕ್ಟರು ಕೈ ಅಡ್ಡ ಹಿಡಿದು ತಡೆದರು. ಅವರು ಹೇಳಬಹುದಿತ್ತು. ಅವತ್ತು ತೆಗೆದಿದ್ದರೆ ಅವತ್ತೇ ದನಿ ಹೋಗುತ್ತಿತ್ತು ಎನ್ನಬಹುದಿತ್ತು. ಹೇಳಲಿಲ್ಲ. ತಲೆ ಬಗ್ಗಿಸಿ ಕೇಳಿಸಿಕೊಂಡರು.

ಆಪರೇಷನ್ನಿಗೆ ಕರೆದುಕೊಂಡು ಹೋಗುವ ಬೆಳಿಗ್ಗೆ. ವಾರ್ಡಿಗೆ ಬಂದರು, ನಾನು ಲೋಟ ಕೊಟ್ಟೆ. ಹಾರ್ನ್ ಹಾಸಿಗೆಯ ಮೇಲೆ ಕುಳಿತಿದ್ದಾಳೆ, ಕಾಲು ಆಡಿಸಿಕೊಂಡು. ಏಳು ದಾಟಿದ ಹುಡುಗಿ, ಎಲ್ಲ ಗೊತ್ತು ಅವಳಿಗೆ. ಲ್ಯಾಬಿನ ಡಾಕ್ಟರಮ್ಮ ಬಾಗಿಲಲ್ಲಿದ್ದರು. ಇಲ್ಲೇ ಇದ್ದಾರೆ ಅವರು, ಬೇಕಾದರೆ ಕೇಳಿ.

"ಅಕ್ಕಾ, ಶುರು ಮಾಡಿ" ಅಂದರು ಡಾಕ್ಟರು.

"ಇವತ್ತು ಯಾಕೆ ಸಾರ್?" ಅಂದರು ಡಾಕ್ಟರಮ್ಮ. "ಹೇಗೂ ತೆಗೀಲೇಬೇಕಲ್ಲ. ಕೇಳಿ ಏನು ಪ್ರಯೋಜನ?"

"ತೆಗೆಯೋನಿಗೆ ತಾನು ತೆಗೀತಿರೋದು ಏನು ಅಂತ ಗೊತ್ತಿರಬೇಕು" ಅಂದರು.

ನಾನು ಸೊಂಟಕ್ಕೆ ಕೈ ಕೊಟ್ಟೆ. ಬಾಯಿ ತೆರೆದೆ. ಬರಲಿಲ್ಲ. ಹುಟ್ಟಿದಾಗಿನಿಂದ ಮೂಗಿನ ತುದಿಯಲ್ಲೇ ಇದ್ದ ಕೋಪ ಅವತ್ತು ಎಲ್ಲಿ ಹೋಗಿತ್ತೋ. ಮಗು ಕಾಯುತ್ತಿದ್ದಾಳೆ, ನಾನು ಅವಳಪ್ಪನ ಬಸ್ಸಿಗೆ ಬೈಯಲಿ ಅಂತ. ನಾನು ಬೈದರೆ ಅವಳು ಕೂಗುತ್ತಾಳೆ. ಅದು ಕೊನೆಯ ಕೂಗು. ಹೇಗೆ ಬೈಯಲಿ ಹೇಳಿ? ನೀವೇ ಹೇಳಿ, ಹೇಗೆ ಬೈಯಲಿ?

"ಅಕ್ಕಾ."

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಅಕ್ಕಾ, ಬೈಯಿರಿ."

ತಲೆ ಅಲ್ಲಾಡಿಸಿದೆ.

"ಬೈಯಿರೀ ಅಂದೆ! ಕಿವಿ ಕೇಳಿಸಲ್ವಾ ನಿಮಗೆ! ಬೈಯಿರಿ!"

ಲೋಟ ನೆಲಕ್ಕೆ ಬಿತ್ತು. ನೀರು ಮಂಚದ ಕೆಳಗೆ ಹರಿಯಿತು. ನಾನಿನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದೇನೆ, ಹಾಸಿಗೆಯ ಮೇಲೆ ಇವಳು ಎದ್ದು ನಿಂತಳು. ಬೋಳು ತಲೆ, ಇಳಿದ ರೆಪ್ಪೆ, ಅರ್ಧ ಮುಖ ಕೆಂಪು.

"ನಮ್ಮಜ್ಜಿಗೆ ಯಾಕೆ ಬೈತೀರಾ? ನೀವು ಡಬ್ಬಾ! ನೀವೇ ದೊಡ್ಡ ಡಬ್ಬಾ! ನಮ್ಮಜ್ಜಿ ತಂಟೆಗೆ ಬಂದ್ರೆ ನೋಡಿ!"

ಕೆಳಗಿನ ಮಹಡಿಯವರು ಮೆಟ್ಟಿಲ ಹತ್ತಿರ ಬಂದು ನೋಡಿದರಂತೆ. ಅವಳು ಪೂರ್ತಿ ದನಿಯಲ್ಲಿ ಆಡಿದ ಕೊನೆಯ ಮಾತು ಅದು. ನನ್ನ ಪರವಾಗಿ ಆಡಿದ ಮಾತು. ಸ್ವಂತ ಮಕ್ಕಳೂ ನನ್ನ ಪರವಾಗಿ ಹಾಗೆ ಕೂಗಿರಲಿಲ್ಲ.

ಡಾಕ್ಟರು ಅವಳ ಮುಂದೆ ನಿಂತು ಕೈ ಮುಗಿದರು. "ಚೆನ್ನಾಗಿ ಕೇಳಿಸ್ತು ಮಗಳೇ" ಅಂದರು. ಆಮೇಲೆ ತಾವೇ ಬಗ್ಗಿ ಲೋಟ ಎತ್ತಿಕೊಟ್ಟು, "ತಪ್ಪಾಯ್ತು ಅಕ್ಕಾ" ಎಂದು ಹೋದರು.

ಅವತ್ತು ಸಂಜೆ ಅವಳಿಗೆ ಎಚ್ಚರ ಬಂತು. ಡಾಕ್ಟರು ಬೆನ್ನು ತಿರುಗಿಸಿ ನಿಂತರು. ಯಾಕೆ ನಿಂತರೋ. ಏನು ಕೇಳಲಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನಿಂತರು. ಮಗು ನನ್ನನ್ನು ನೋಡಿತು. ತುಟಿ ಸೇರಿಸಿ ಬಿಟ್ಟಿತು. "ಡಬ್ಬಾ." ತುಟಿಯಲ್ಲಿ ಮಾತು ಇತ್ತು, ಬಂದದ್ದು ಬರೀ ಗಾಳಿ. ಇನ್ನೊಂದು ಸಲ ಪ್ರಯತ್ನ ಮಾಡಿತು. ಗಾಳಿ. ಡಾಕ್ಟರ ಭುಜ ಇಳಿಯಲಿಲ್ಲ. ಅವರು ಹೊರಟೂ ಹೋಗಲಿಲ್ಲ. ಗೋಡೆ ನೋಡಿಕೊಂಡು ನಿಂತೇ ಇದ್ದರು. ಕೊನೆಗೆ ನಾನೇ ಹೋಗಿ, "ಸಾಕು ಸಾರ್, ಮನೆಗೆ ಹೋಗಿ" ಅಂದೆ.

ಮಗು ಉಳಿಯಿತು. ಅದು ನಿಮಗೆ ಕಾಣುತ್ತಿದೆ. ನೀರು ಕುಡಿದರೆ ಕೆಮ್ಮು ಬರುತ್ತಿತ್ತು, ಕತ್ತು ಎಡಕ್ಕೆ ತಿರುಗಿಸಿ ಕುಡಿಯುವುದನ್ನು ಕಲಿತಳು. ಕಾಲ ಕಳೆದಂತೆ ದನಿ ಸ್ವಲ್ಪ ಬಂತು, ಇನ್ನೊಂದು ಕಡೆಯ ದನಿಯ ತಂತಿ ತಾನೇ ವಾಲಿಕೊಂಡು ಬಂದು ಜೊತೆಯಾಯಿತಂತೆ. ಹತ್ತಿರ ಕೂತರೆ ಕೇಳುತ್ತದೆ. ಈಗ ಶಾಲೆಯ ವ್ಯಾನ್ ಓಡಿಸುತ್ತಾಳೆ. "ಮಕ್ಕಳನ್ನ ಹೆಂಗೇ ಗದರಿಸ್ತೀಯ?" ಅಂದರೆ, ಕೈಯಲ್ಲಿ ಹಾರ್ನ್ ಒತ್ತಿ ತೋರಿಸುತ್ತಾಳೆ.

ಆ ವರ್ಷವೇ ನಮ್ಮ ಡಾಕ್ಟರು ಮಂಗಳವಾರದ ಮೇಜು ಶುರು ಮಾಡಿದ್ದು. ಸ್ಕ್ಯಾನ್ ನೋಡುವವರು, ಲ್ಯಾಬಿನವರು, ಔಷಧಿ ಕೊಡುವವರು, ಕತ್ತಿ ಹಿಡಿಯುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು, ಜಗಳವಾಡಿ, ಆಮೇಲೇ ಮಗುವಿನ ಕತ್ತು ಮುಟ್ಟಬೇಕು. "ಬಿಡೋದೋ ತೆಗೆಯೋದೋ ಅನ್ನೋದನ್ನ ಒಬ್ಬನ ಕೈಗೆ ಬಿಡಬಾರದು ಅಕ್ಕಾ, ಕೈಗೆ ಕರುಳಿರತ್ತೆ" ಅಂದರು. ಕಳೆದ ಎರಡು ಮಂಗಳವಾರ ಆ ಮೇಜು ಸೇರಿಲ್ಲ ಎಂದು ಕೇಳಿದೆ. ದುಃಖ ಇದೆ, ಸರಿ. ಬರುವ ಮಂಗಳವಾರ ಕೂರಿ. ಇಲ್ಲದಿದ್ದರೆ ನಾನು ಬಂದು ಬೈಯುತ್ತೇನೆ. ತಮಾಷೆ ಅಲ್ಲ.

ಈಗ ಹಾರ್ನ್ ಹೇಳಿ ಕಳಿಸಿದ ಮಾತು.

ಪ್ರತಿ ವರ್ಷ ತಪಾಸಣೆಗೆ ಬರುತ್ತಿದ್ದಳು. ಡಾಕ್ಟರು ಹಿಂದೆ ನಿಂತು ಕತ್ತು ಮುಟ್ಟುವರು, "ಚೆನ್ನಾಗಿದೆ, ಹೋಗಿ ಬಾ" ಎನ್ನುವರು. ಅಷ್ಟೇ. ಊರಿನ ಮಕ್ಕಳನ್ನೆಲ್ಲ ಮಾತಾಡಿಸುವ ಮನುಷ್ಯ ಇವಳನ್ನು ಮಾತಾಡಿಸುತ್ತಿರಲಿಲ್ಲ. ಮಾತಾಡಿಸಿದರೆ ಅವಳು ಉತ್ತರ ಕೊಡಬೇಕು, ಆ ದನಿ ಕೇಳಬೇಕು. ಅದನ್ನು ತಾಳಲು ಅವರಿಂದ ಆಗುತ್ತಿರಲಿಲ್ಲ. ಕಾಳು ಬಿಟ್ಟದ್ದು ತಪ್ಪು, ಮಗುವನ್ನು ಎರಡು ಸಲ ನರಳಿಸಿದೆ — ಇದು ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಅಪ್ಪನ ಕೋಪ ಆರಿ ಯಾವ ಕಾಲವಾಯಿತು. ಇವರದು ಆರಲಿಲ್ಲ.

ಹೋದ ತಿಂಗಳು ಅವರು ಮೆದುಳಿನಲ್ಲಿ ರಕ್ತಸ್ರಾವವಾಗಿ ಬಿದ್ದಾಗ ನಾನು ನೋಡಲು ಹೋದೆ, ಇವಳೂ ಬಂದಳು. ಗಂಟಲಲ್ಲಿ ಕೊಳವೆ, ಸುತ್ತ ಯಂತ್ರಗಳು ಟಿಕ್ ಟಿಕ್ ಅನ್ನುತ್ತಿವೆ. ಇವಳು ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಯಂತ್ರದ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು. ಆಮೇಲೆ ನನ್ನ ತೋಳು ಹಿಡಿದು ಎಳೆದಳು. "ಅಜ್ಜೀ, ನೀನು ಹೇಳು. ಜೋರಾಗಿ ಹೇಳು. ಅವರಿಗೆ ಕೇಳಬೇಕು."

ಅವಳು ಪಿಸುಗುಟ್ಟಿದ್ದನ್ನು ನಾನು ಕೂಗಿದೆ. ಸಿಸ್ಟರುಗಳು ಓಡಿ ಬಂದರು, ಬರಲಿ ಎಂದು ಕೂಗಿದೆ. ಅಲ್ಲಿ ಕೂಗಿದ್ದನ್ನೇ ಇಲ್ಲೂ ಹೇಳುತ್ತೇನೆ:

"ಸಾರ್! ನೀವು ದನಿ ಉಳಿಸಿಕೊಟ್ಟ ಆ ಎರಡು ವರ್ಷದಲ್ಲಿ ನಂಗೆ ತಮ್ಮ ಹುಟ್ಟಿದ. ಅಮ್ಮ ಕೆಲಸಕ್ಕೆ ಹೋಗ್ತಿದ್ಲು, ಅವನನ್ನ ಎತ್ತಿ ಆಡಿಸಿದ್ದು ನಾನು. ಅವನಿಗೆ ಮಾತು ಕಲಿಸಿದ್ದು ನಾನು. ಅವನು ಈಗ ಕೂಗೋದು ನಾನು ಕೂಗ್ತಿದ್ದ ಹಾಗೇ, ಮನೆಯಲ್ಲಿ ಎಲ್ಲರೂ ಹೇಳ್ತಾರೆ. ನನ್ನ ದನಿ ಹೋಗಿಲ್ಲ ಸಾರ್. ಮನೆಯಲ್ಲೇ ಇದೆ. ಆ ಎರಡು ವರ್ಷ ಇಲ್ದೇ ಇದ್ದಿದ್ರೆ ಅದೂ ಇರ್ತಿರಲಿಲ್ಲ. ನೀವು ತಪ್ಪು ಮಾಡ್ಲಿಲ್ಲ!"

ಕೇಳಿಸಿತೋ ಇಲ್ಲವೋ. ಕಣ್ಣು ತೆರೆಯಲಿಲ್ಲ, ಬೆರಳು ಅಲ್ಲಾಡಲಿಲ್ಲ. ಕೇಳಿಸಿರಬೇಕು ಅಂತ ನಿಮ್ಮ ಸಮಾಧಾನಕ್ಕೆ ನಾನು ಸುಳ್ಳು ಹೇಳುವುದಿಲ್ಲ. ನನ್ನ ಕಣ್ಣು ಅವರ ಭುಜದ ಮೇಲೇ ಇತ್ತು. ಮಲಗಿದವರ ಭುಜ ಇಳಿಯುತ್ತದೆಯೇ? ಗೊತ್ತಾಗುವುದಿಲ್ಲ. ಅವರ ಕೈ ಮುಟ್ಟಿದೆ. ತಣ್ಣಗಿತ್ತು. ಬಿಸಿನೀರು ತಂದುಕೊಡಿ ಎಂದು ಕೇಳಿದೆ, ಒಳಗೆ ಬಿಡುವುದಿಲ್ಲ ಅಂದರು.

ನನ್ನ ಮಾತು ಮುಗಿಯಿತು. ಈಗ ಮೌನ.

ಎಲ್ಲರೂ ಎದ್ದು ನಿಂತು ಭಾವಚಿತ್ರದ ಕಡೆ ನೋಡುವುದು ರೂಢಿ. ಇವತ್ತು ಹಾಗೆ ಬೇಡ. ಅವರು ಹೇಗೆ ನಿಲ್ಲುತ್ತಿದ್ದರೋ ಹಾಗೆ ನಿಲ್ಲೋಣ. ಭಾವಚಿತ್ರಕ್ಕೆ ಬೆನ್ನು ಹಾಕಿ. ಅಮ್ಮಾ, ನೀವೂ. ಇದು ಅವಮರ್ಯಾದೆ ಅಲ್ಲ. ಅವರಿಗೆ ಅರ್ಥವಾಗುವ ಮರ್ಯಾದೆ ಇದೊಂದೇ.

ಭಾವಚಿತ್ರದ ಮೇಜಿನ ಪಕ್ಕ ಒಬ್ಬ ಉದ್ದನೆಯ ಹುಡುಗ ನಿಂತಿದ್ದಾನೆ, ಖಾಕಿ ಅಂಗಿ. ಅಪ್ಪನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದಾನೆ. ಹಾರ್ನಿನ ತಮ್ಮ. ಎಷ್ಟು ಹೊತ್ತು ನಿಲ್ಲಬೇಕು ಎಂದು ಗಡಿಯಾರ ನೋಡಬೇಡಿ, ಡಾಕ್ಟರು ನೋಡುತ್ತಿರಲಿಲ್ಲ. ಸುಮ್ಮನೆ ಕಿವಿ ಕೊಟ್ಟು ನಿಲ್ಲಿ. ಸಾಕು ಅನ್ನಿಸಿದಾಗ ನಮ್ಮ ಬೆನ್ನ ಹಿಂದಿನಿಂದ ಅವನು ಒಂದು ಮಾತು ಕೂಗುತ್ತಾನೆ. ಸಭೆಯಲ್ಲಿ ಆಡುವ ಮಾತಲ್ಲ ಅದು, ದೊಡ್ಡವರು ಕ್ಷಮಿಸಬೇಕು. ದನಿ ಯಾರದು ಎಂದು ನಿಮಗೆ ತಿಳಿಯುತ್ತದೆ. ಅದನ್ನು ಕೇಳಬೇಕಾಗಿದ್ದವರು ಒಬ್ಬರೇ ಇಲ್ಲ. ಅವರ ಬದಲು ನಾವು ಕೇಳಿಸಿಕೊಳ್ಳೋಣ. ಕೇಳಿಸಿದ ಮೇಲೆ ಭುಜ ಇಳಿಸಿ, ತಿರುಗಿ ನೋಡದೆ, ಅವರ ಹಾಗೇ ಮೆಲ್ಲಗೆ ಹೊರಟು ಹೋಗೋಣ.

ಏಳಿ. — ತಿರುಗಿ ನಿಲ್ಲಿ.